ಕೆಲಸ ಹೋಗುವ ಹೊತ್ತಿನಲ್ಲಿ ಕಾದಂಬರಿ

ಪ್ರೀತಿಯ ಮಗಳೇ,

ಮುಂದಿನ ತಿಂಗಳಿಗೆ ಕೆಲಸ ಹೋಗುತ್ತದೆ, ಕಾದಂಬರಿ ಅರ್ಧಕ್ಕೆ ನಿಂತಿದೆ, ಯಾವುದನ್ನು ಮೊದಲು ನೋಡಿಕೊಳ್ಳಲಿ ಎಂದು ಕೇಳಿದ್ದೀಯ. ಎರಡನ್ನೂ ಬಿಡಬೇಡ. ಆದರೆ ಕಾದಂಬರಿಗೆ ದಿನಕ್ಕೆ ಒಂದು ಗಂಟೆ ಮಾತ್ರ ಕೊಡು. ಕಾರಣ ಆಮೇಲೆ ಹೇಳುತ್ತೇನೆ. ಇವತ್ತೇ ಮಾಡಬೇಕಾದ ಕೆಲಸ ಒಂದಿದೆ.

ಹಸ್ತಪ್ರತಿ ಎಲ್ಲಿದೆ? ಆಫೀಸಿನ ಲ್ಯಾಪ್‌ಟಾಪ್‌ನಲ್ಲೋ ಆಫೀಸಿನ ಖಾತೆಯಲ್ಲೋ ಇದ್ದರೆ ಕೊನೆಯ ದಿನದವರೆಗೆ ಕಾಯಬೇಡ. ಎಷ್ಟೋ ಕಡೆ ಹೇಳಿದ ದಿನಾಂಕಕ್ಕಿಂತ ಮೊದಲೇ ಲಾಗಿನ್ ಮುಚ್ಚಿಬಿಡುತ್ತಾರೆ. ಹಾಗಂತ ಪೆನ್‌ಡ್ರೈವ್ ಹಾಕಿ ಇಡೀ ಫೋಲ್ಡರ್ ಎಳೆದುಕೊಂಡರೆ ಕಂಪನಿಯ ಮಾಹಿತಿ ಸಾಗಿಸಿದಂತೆ ಕಾಣುತ್ತದೆ. ನಿನ್ನ ಫೈಲುಗಳ ಹೆಸರನ್ನಷ್ಟೇ ಬರೆದು, ಇವು ನನ್ನ ಖಾಸಗಿ ಬರಹಗಳು, ಪ್ರತಿ ಮಾಡಿಕೊಳ್ಳಬಹುದೇ ಎಂದು ಕೇಳಿ ಲಿಖಿತ ಒಪ್ಪಿಗೆ ತೆಗೆದುಕೊ. ನೇಮಕದ ಕರಾರಿನಲ್ಲಿ ಬೌದ್ಧಿಕ ಸ್ವತ್ತಿನ ಷರತ್ತನ್ನೂ ಓದು. ಕಂಪನಿಯ ಯಂತ್ರದಲ್ಲಿ ಅಥವಾ ಕೆಲಸದ ವೇಳೆಯಲ್ಲಿ ಮಾಡಿದ್ದೆಲ್ಲ ತಮ್ಮದೇ ಎಂದು ಕೆಲವು ಕರಾರುಗಳಲ್ಲಿ ಇರುತ್ತದೆ. ಹಾಗಿದ್ದರೆ ಬಿಡುಗಡೆಯ ಪತ್ರಕ್ಕೆ ಸಹಿ ಹಾಕುವ ಮೊದಲೇ, ಕಾದಂಬರಿಯ ಹಕ್ಕು ನಿನ್ನದು ಎಂಬ ಸಾಲನ್ನು ಸೇರಿಸಿಕೊಡಲು ಕೇಳು. ಸಹಿ ಆದ ಮೇಲೆ ಕೇಳಿ ಉಪಯೋಗವಿಲ್ಲ.

ಹಣದ ಲೆಕ್ಕ ಒಂದೇ ಸಲ ಹಾಕು. ಕೈಯಲ್ಲಿರುವುದನ್ನು ತಿಂಗಳ ಅನಿವಾರ್ಯ ಖರ್ಚಿನಿಂದ ಭಾಗಿಸಿದರೆ ಎಷ್ಟು ತಿಂಗಳು ನಡೆಯುತ್ತದೆ ಎಂದು ಗೊತ್ತಾಗುತ್ತದೆ. ಆ ಲೆಕ್ಕದಲ್ಲಿ ಕಾದಂಬರಿಯಿಂದ ಬರುವ ಹಣಕ್ಕೆ ಸೊನ್ನೆ ಬರೆ. ಪ್ರಕಾಶಕರು ಒಪ್ಪಿದ ಮೇಲೂ ಪುಸ್ತಕ ಹೊರಬರಲು ಎಷ್ಟೋ ಸಲ ಒಂದು ವರ್ಷ ಹಿಡಿಯುತ್ತದೆ, ಗೌರವಧನ ಅದಕ್ಕೂ ಆಮೇಲೆ.

ಈಗ ಆ ಒಂದು ಗಂಟೆಯ ಮಾತು. ಕೆಲಸವಿಲ್ಲದ ದಿನ ಉದ್ದವಾಗಿ ಕಾಣುತ್ತದೆ, ಎಂಟು ಗಂಟೆ ಬರೆಯುತ್ತೇನೆ ಅನ್ನಿಸುತ್ತದೆ. ಮೂರು ದಿನ ಬರೆದೂಬಿಡಬಹುದು. ನಾಲ್ಕನೆಯ ದಿನ ಒಂದು ಅರ್ಜಿ ತಿರಸ್ಕಾರವಾದರೆ ಆ ಸೋಲು ಕಾದಂಬರಿಯ ಮೇಲೂ ಬಂದು ಕೂರುತ್ತದೆ. ಅದಕ್ಕೇ ಎದ್ದ ಕೂಡಲೇ, ಮೇಲ್ ತೆರೆಯುವ ಮೊದಲೇ ಬರೆ, ಅರ್ಜಿಗಳ ಕೆಲಸ ಆಮೇಲಿರಲಿ. ದಿನಕ್ಕೆ 300 ಪದ, ವಾರಕ್ಕೆ ಐದು ದಿನ: 40 ವಾರಕ್ಕೆ 60,000 ಪದ. ಒಂದು ಕಾದಂಬರಿಗೆ ಅಷ್ಟು ಧಾರಾಳವಾಗಿ ಸಾಕು. ಹೊಸ ಕೆಲಸ ಸಿಕ್ಕಿದ ಮೇಲೂ ಮುಂದುವರಿಯುವ ಅಳತೆ ಅದು. ಎಂಟು ಗಂಟೆಯ ಪದ್ಧತಿ ಮೊದಲ ಸಂಬಳದ ದಿನಕ್ಕೇ ಮುರಿದು ಬೀಳುತ್ತದೆ. ಬರೆದು ಮುಗಿಸಿ ಮೇಜಿನಿಂದ ಏಳುವ ಮೊದಲು, ಕಥೆಯಲ್ಲಿ ಮುಂದೆ ಏನಾಗುತ್ತದೆ ಎಂದು ಒಂದು ಸಾಲು ಗೀಚಿಡು, ನಾಳೆಯ ಮೊದಲ ಹತ್ತು ನಿಮಿಷ ಉಳಿಯುತ್ತದೆ.

ಕಾದಂಬರಿ ಅರ್ಧಕ್ಕೆ ನಿಂತದ್ದು ಕೆಲಸದ ಚಿಂತೆಯಿಂದಲೇ ಎಂದು ನನಗೆ ಅನ್ನಿಸುವುದಿಲ್ಲ. ಬಹಳಷ್ಟು ಮೊದಲ ಕಾದಂಬರಿಗಳು ನಿಲ್ಲುವುದು ಅಲ್ಲೇ. ಆರಂಭದ ಸನ್ನಿವೇಶ ಖರ್ಚಾಗಿರುತ್ತದೆ, ಪಾತ್ರಕ್ಕೆ ಹೊಸದಾಗಿ ಏನೂ ಬೇಕಾಗಿರುವುದಿಲ್ಲ. ಆಗ ಬರೆಯುವವರು ಮೊದಲ ಅಧ್ಯಾಯಕ್ಕೆ ಮರಳಿ ಅದನ್ನೇ ತಿದ್ದುತ್ತಾ ಕೂರುತ್ತಾರೆ. ನೀನು ಹಾಗೆ ಮಾಡಬೇಡ. ಉಳಿದ ಭಾಗದ ಪ್ರತಿ ದೃಶ್ಯಕ್ಕೂ ಒಂದೊಂದು ಚೀಟಿ ಮಾಡಿ ಮೂರು ವಿಷಯ ಬರೆ: ಯಾರಿಗೆ ಏನು ಬೇಕು, ಯಾರು ಅಡ್ಡ ಬರುತ್ತಾರೆ, ಕೊನೆಗೆ ಏನು ಬದಲಾಗಿದೆ. "ತಂಗಿ ಮನೆಯ ಪತ್ರ ಕೇಳಲು ಬರುತ್ತಾಳೆ. ಅಣ್ಣ ಮಾತು ತಪ್ಪಿಸುತ್ತಾನೆ. ಪತ್ರ ಆಗಲೇ ಅಡಮಾನಕ್ಕೆ ಹೋಗಿದೆ ಎಂದು ಅವಳಿಗೆ ಗೊತ್ತಾಗುತ್ತದೆ." ಇದು ದೃಶ್ಯ. "ಅಣ್ಣ ತಂಗಿ ಬಾಲ್ಯವನ್ನು ನೆನೆಯುತ್ತಾರೆ" ಅಂದರೆ ಏನೂ ಬದಲಾಗಲಿಲ್ಲ, ಮಾತು ಎಷ್ಟೇ ಚೆನ್ನಾಗಿದ್ದರೂ ಅದು ಕಥೆಯನ್ನು ನಿಲ್ಲಿಸುತ್ತದೆ. ಮೂರನೆಯ ಪ್ರಶ್ನೆಗೆ ಉತ್ತರವಿಲ್ಲದ ಚೀಟಿಗಳನ್ನು ತೆಗೆದುಬಿಡು, ಇಲ್ಲವೇ ಪಕ್ಕದ ದೃಶ್ಯಕ್ಕೆ ಸೇರಿಸು. ತಿದ್ದುವುದು ಪೂರ್ತಿ ಕರಡು ಮುಗಿದ ಮೇಲೆ.

ಕೆಲಸ ಹೋಗುತ್ತಿರುವ ಬಗ್ಗೆ ನಿನ್ನ ಸಿಟ್ಟು ನ್ಯಾಯವಾದದ್ದೇ. ಅದನ್ನು ಈ ಕಾದಂಬರಿಗೆ ಸುರಿಯಬೇಡ ಅಷ್ಟೇ. ಬಿಸಿಯಲ್ಲಿ ಬರೆದ ಮೇಲಧಿಕಾರಿ ಬರೀ ಖಳನಾಗುತ್ತಾನೆ. ನೀನು ಕಣ್ಣಾರೆ ಕಂಡದ್ದನ್ನು ಮಾತ್ರ ಬೇರೊಂದು ನೋಟ್‌ಬುಕ್‌ನಲ್ಲಿ ಬರೆದಿಡು: ಕಾರ್ಡ್ ಒತ್ತಿದರೆ ಬಾಗಿಲಲ್ಲಿ ಬಂದ ಕೆಂಪು ದೀಪ, ಸುದ್ದಿ ಹೇಳುವವರು ಯಾವ ಪದಗಳನ್ನು ಬಳಸಲಿಲ್ಲ, ಪಕ್ಕದ ಮೇಜಿನವರು ಯಾವ ಕಡೆ ನೋಡಿದರು. ಇವು ಮುಂದೆ ಬೇಕಾಗುತ್ತವೆ.

ಅಮೆರಿಕದ ಲೇಖಕ ನಥಾನಿಯಲ್ ಹಾಥಾರ್ನ್ 1849ರಲ್ಲಿ ಸುಂಕದ ಕಚೇರಿಯ ಕೆಲಸ ಕಳೆದುಕೊಂಡ, ಮರುವರ್ಷವೇ ಅವನ ದೊಡ್ಡ ಕಾದಂಬರಿ ಬಂತು ಎಂದು ಯಾರಾದರೂ ನಿನಗೆ ಹೇಳಿಯೇ ಹೇಳುತ್ತಾರೆ. ಮಾತು ನಿಜ. ಆದರೆ ಅವನ ಕಥಾಸಂಕಲನ 1837ರಲ್ಲೇ ಬಂದಿತ್ತು, ಕೈ ಪಳಗಿ ವರ್ಷಗಳಾಗಿದ್ದವು. ಅವನ ವೇಗವನ್ನು ನಿನಗೆ ಗಡುವು ಮಾಡಿಕೊಳ್ಳಬೇಡ.

ಚೀಟಿಗಳು ಸಿದ್ಧವಾದಾಗ ಫೋಟೊ ತೆಗೆದು ಕಳಿಸು. ಒಂದೊಂದನ್ನೂ ಓದಿ, ಎಲ್ಲಿ ಸಡಿಲವಿದೆ ಎಂದು ಗುರುತು ಹಾಕಿ ಕೊಡುತ್ತೇನೆ.

ಇತಿ,
ನಿನ್ನ ಚಿಕ್ಕಪ್ಪ