ಯಾವ ಆಲ್ಬಂ ಅಂತ ತಿಳಿದು ಬರೆಯಿರಿ

ಮಾನ್ಯರೇ,

ಮಂಗಳವಾರದ ನಗರ ಪುಟದಲ್ಲಿ ನಮ್ಮ ಸಮುದಾಯ ಭವನದ ಸುದ್ದಿ ಓದಿ ತಲೆ ಕೆಟ್ಟುಹೋಯಿತು. ವಿಮರ್ಶಕರೂ ಅಭಿಮಾನಿಗಳೂ ಕೈಬಿಟ್ಟ ಮುದಿ ಪಂಕ್ ತಂಡದ ಆಲ್ಬಂ ಹಾಕಿ ಗದ್ದಲ ಎಬ್ಬಿಸಿದರು ಅಂತ ಬರೆದಿದ್ದೀರಿ. ಭವನ ಬಾಡಿಗೆಗೆ ಹಿಡಿದವನು ನಾನು. ಆಲ್ಬಂ ಹಾಕಿದವನೂ ನಾನೇ. ನಿಮ್ಮ ವರದಿಗಾರರು ನನ್ನ ಹತ್ತಿರ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಹೇಳುತ್ತಿದ್ದೆ. ಅವರು ಬರೆದದ್ದು ಒಂದು ಆಲ್ಬಂ ಬಗ್ಗೆ, ನಾವು ಹಾಕಿದ್ದು ಬೇರೆಯದೇ ಆಲ್ಬಂ.

ಜನ ಬೈದದ್ದು ಗ್ರೀನ್ ಡೇ ಅನ್ನುವ, ರಭಸದ ಒರಟು ರಾಕ್ ಅಂದರೆ ಪಂಕ್ ಹಾಡುವ ಅಮೆರಿಕದ ಮೂವರ ತಂಡ 2020ರ ಫೆಬ್ರುವರಿಯಲ್ಲಿ ತಂದ ‘ಫಾದರ್ ಆಫ್ ಆಲ್’ ಅನ್ನು. ಅದರ ಪೂರ್ತಿ ಹೆಸರು ಪತ್ರಿಕೆಯಲ್ಲಿ ಹಾಕುವಂಥದ್ದಲ್ಲ, ಬಿಡಿ. 10 ಹಾಡು, ಬರೀ 26 ನಿಮಿಷ. ತಮ್ಮದೇ ಹಳೆ ‘ಅಮೆರಿಕನ್ ಈಡಿಯಟ್’ ಆಲ್ಬಮ್ಮಿನ ಮುಖಚಿತ್ರದ ಮೇಲೆ ಕಾಮನಬಿಲ್ಲು ಕಾರುವ ಒಂಟಿಕೊಂಬಿನ ಕುದುರೆ ಅಂಟಿಸಿದ್ದರು. ಹಾಡಿನಲ್ಲಿ ಚಪ್ಪಾಳೆ ಜಾಸ್ತಿ. ತಂಡದ ಗಾಯಕ ಬಿಲ್ಲಿ ಜೋ ಆರ್ಮ್‌ಸ್ಟ್ರಾಂಗ್ ತಮ್ಮ ದನಿ ಬಿಟ್ಟು ತೆಳ್ಳನೆ ಎತ್ತರದ ಕಳ್ಳದನಿಯಲ್ಲಿ ಹಾಡಿದ್ದರು. ರೆಕಾರ್ಡ್ ಕಂಪನಿಯ ಒಪ್ಪಂದ ಮುಗಿಸೋಕೆ ಸುಮ್ನೆ ಮಾಡಿದ್ದಾರೆ ಅಂತ ಅಭಿಮಾನಿಗಳೇ ಆಡಿಕೊಂಡರು. ನನಗೂ ಬೇಜಾರಾಗಿತ್ತು, ಸುಳ್ಳು ಹೇಳುವುದಿಲ್ಲ.

ನಾವು ಭಾನುವಾರ ಹಾಕಿದ್ದು ಅದಲ್ಲ. ಅದರ ಮುಂದಿನದು, 2024ರ ಜನವರಿ 19ರಂದು ಬಂದ ‘ಸೇವಿಯರ್ಸ್’. ತಂಡದ ಹದಿನಾಲ್ಕನೇ ಆಲ್ಬಂ. ತಂಡದ ಹಳೆ ಆಲ್ಬಂಗಳಾದ ‘ಡೂಕಿ’ಯನ್ನೂ ‘ಅಮೆರಿಕನ್ ಈಡಿಯಟ್’ ಅನ್ನೂ ರೂಪಿಸಿದ ರಾಬ್ ಕವಾಲೊ ಇದಕ್ಕೆ ವಾಪಸ್ ಬಂದರು. 15 ಹಾಡು, 46 ನಿಮಿಷ. ಗಿಟಾರಿಗೆ ಮೊದಲಿನ ತೂಕ ಬಂತು. ಬಿಲ್ಲಿ ಜೋ ಮತ್ತೆ ಎದೆಯಿಂದ ಹಾಡಿದರು. ಇದು ಬ್ರಿಟನ್ನಿನಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು, ಅಮೆರಿಕದಲ್ಲಿ ನಾಲ್ಕನೆಯದಕ್ಕೆ. ಅಮೆರಿಕದ ಗ್ರ್ಯಾಮಿ ಸಂಗೀತ ಪ್ರಶಸ್ತಿಗೆ ಮೂರು ನಾಮನಿರ್ದೇಶನ ಸಿಕ್ಕಿತು. 20 ವರ್ಷದಲ್ಲಿ ಇವರು ಮಾಡಿದ ಒಳ್ಳೆ ಕೆಲಸ ಇದೇ ಅಂದ ವಿಮರ್ಶಕರು ಬೇಕಾದಷ್ಟು ಜನ ಇದ್ದಾರೆ. ತೀರಾ ನುಣುಪಾಗಿದೆ, ಹಳೆಯದನ್ನೇ ತಿರುಗಿಸಿ ಕೊಟ್ಟಿದ್ದಾರೆ ಅಂದವರೂ ಇದ್ದಾರೆ. ಅದು ಅಭಿಪ್ರಾಯ, ಒಪ್ಪುತ್ತೇನೆ. ಆದರೆ ಇದಕ್ಕೆ ಕೈಬಿಟ್ಟರು ಅನ್ನುವ ಮಾತು ಹೇಗೆ ಒಪ್ಪುತ್ತದೆ? ತಂಡ ಇದೇ ಆಲ್ಬಂ ಹಿಡಿದು ಅದೇ ವರ್ಷ ಅಮೆರಿಕದ ಸ್ಟೇಡಿಯಂಗಳಲ್ಲಿ ಆಡಿತು. 2025ರ ಮಾರ್ಚ್‌ನಲ್ಲಿ ಮುಂಬೈಗೂ ಬಂತು. ಇಂಡಿಯಾದಲ್ಲಿ ಅವರು ಆಡಿದ್ದು ಅದೇ ಮೊದಲು. ನಾನೂ ನನ್ನ ಮಗನೂ ರಾತ್ರಿ ಬಸ್ಸಿನಲ್ಲಿ ಹೋಗಿ ನಿಂತು ಕೇಳಿ ಬಂದೆವು.

‘ಮುದಿ’ ಅನ್ನುವ ಪದಕ್ಕೆ ಬರುತ್ತೇನೆ. ಈ ಮೂವರೂ ಹುಟ್ಟಿದ್ದು 1972ರಲ್ಲಿ. ಆಲ್ಬಂ ಬಂದಾಗ ಎಲ್ಲರಿಗೂ 51. ಗ್ರ್ಯಾಮಿಯಲ್ಲಿ ಇವರನ್ನು ಹಿಂದೆ ಹಾಕಿ ಅತ್ಯುತ್ತಮ ರಾಕ್ ಆಲ್ಬಂ ಪ್ರಶಸ್ತಿ ಒಯ್ದದ್ದು ಬ್ರಿಟನ್ನಿನ ರೋಲಿಂಗ್ ಸ್ಟೋನ್ಸ್ ತಂಡ, ಆ ಹೊತ್ತಿಗೆ ಅದರ ಗಾಯಕ ಮಿಕ್ ಜಾಗರ್‌ಗೆ 81. ನಮ್ಮ ಗದಗಿನ ಭೀಮಸೇನ ಜೋಶಿಯವರು 80 ದಾಟಿದ ಮೇಲೂ ಹಾಡಿದರು. ಅವರ ಬಗ್ಗೆ ಬರೆಯುವಾಗ ಈ ಪದ ಹಾಕುತ್ತಿದ್ದಿರಾ?

ಈಗ ಭಾನುವಾರದ ಕಥೆ. ಬಾಡಿಗೆ 2,500 ರೂಪಾಯಿ, ಡಿಪಾಸಿಟ್ 1,000. ಒಂದು ಸಹಿಗೆ ವಾರ್ಡ್ ಆಫೀಸಿಗೆ ಮೂರು ಸಲ ಓಡಿದೆ. ಎರಡು ಸಲ ಸಾಹೇಬರು ಸೀಟಿನಲ್ಲಿ ಇರಲಿಲ್ಲ. ಮೂರನೇ ಸಲ ಅರ್ಧ ದಿನ ರಜೆ ಹಾಕಿ ಕಾದೆ. ಪಂಕ್ ಅಂದ್ರೇನು ಅಂತ ಕೇಳಿದರು, ವಿವರಿಸಿದೆ, ಸಹಿ ಹಾಕಿದರು. ಭಾವನ ಮನೆಯಿಂದ ಎರಡು ಸ್ಪೀಕರ್ ಆಟೊದಲ್ಲಿ ತಂದೆ. ಭವನದ ಕುರ್ಚಿ ಇರುವ ರೂಮಿಗೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಎದುರು ಮನೆಯವರು 20 ಪ್ಲಾಸ್ಟಿಕ್ ಕುರ್ಚಿ ಕೊಟ್ಟರು, ಪುಣ್ಯಾತ್ಮರು. ಫ್ಯಾನು ಎರಡು ವರ್ಷದಿಂದ ತಿರುಗುತ್ತಿಲ್ಲ. ಬೆವರು ಒರೆಸಿಕೊಂಡೇ ಕೂತೆವು.

ಐದೂವರೆಗೆ ಶುರು ಮಾಡಿದೆವು. ಕಾಲೇಜು ಹುಡುಗರು, ನನ್ನ ವಯಸ್ಸಿನ ನಾಲ್ಕು ಜನ, ಮೂರನೇ ಕ್ರಾಸಿನ ನಿವೃತ್ತ ಮೇಷ್ಟ್ರು. ‘ಡಿಲೆಮ್ಮ’ ಮುಗಿದಾಗ ಮೇಷ್ಟ್ರು, ಇದು ಏನು ಹೇಳ್ತದಪ್ಪಾ ಅಂದರು. ಕುಡಿತ ಬಿಟ್ಟವನ ಸಂಕಟ ಸಾರ್, ಹಾಡಿದವರ ಸ್ವಂತ ಕಥೆ ಅಂದೆ. ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಸಲ ಹಾಕು ಅಂದರು. ಹಾಕಿದೆ. ಇದು ನಿಮ್ಮ ವರದಿಯಲ್ಲಿ ಬಂದ ಗದ್ದಲ.

ಹನ್ನೆರಡನೇ ಹಾಡು ಮುಗಿಯಿತು. ಹದಿಮೂರನೆಯದು ‘ಫಾದರ್ ಟು ಎ ಸನ್’. ನಾನು ಕೆಲವು ತಪ್ಪು ಮಾಡಿದ್ದೇನೆ ಅಂತ ಅಪ್ಪನೊಬ್ಬ ಮಗನ ಮುಂದೆ ಒಪ್ಪಿಕೊಳ್ಳುವ ಹಾಡು. ಅದನ್ನು ಮಗನ ಪಕ್ಕ ಕೂತು ದೊಡ್ಡ ಸ್ಪೀಕರಿನಲ್ಲಿ ಕೇಳಬೇಕು ಅಂತಲೇ ನಾನು ಇಷ್ಟೆಲ್ಲ ಮಾಡಿದ್ದು. ಗಿಟಾರು ಶುರುವಾಗಿ ನಾಲ್ಕು ಸೆಕೆಂಡು ಆಗಿರಬಹುದು, ಮೇಲ್ವಿಚಾರಕರು ಬಂದು ಮೇನ್ ಸ್ವಿಚ್ ಎಳೆದರು. ದೂರು ಬಂದಿದೆ ಅಂದರು. ಯಾರದ್ದು ಅಂದರೆ ಉತ್ತರವಿಲ್ಲ. ಒಂದು ಸ್ಪೀಕರ್ ಆಮೇಲೆ ಕರ್ ಅನ್ನುತ್ತಿದೆ, ಭಾವನಿಗೆ ಏನು ಹೇಳಲಿ? ಹಿಂದಿನ ವಾರ ಅದೇ ಭವನದಲ್ಲಿ ಮದುವೆ ಆರ್ಕೆಸ್ಟ್ರಾ ರಾತ್ರಿ ಹನ್ನೊಂದೂವರೆವರೆಗೆ ನಡೆಯಿತು. ಆಗ ಸ್ವಿಚ್ ಯಾರ ಕೈಗೂ ಸಿಗಲಿಲ್ಲ. ಡಿಪಾಸಿಟ್ ಇನ್ನೂ ವಾಪಸ್ ಬಂದಿಲ್ಲ.

ಬಾಗಿಲು ಮುಚ್ಚಿಸಿಕೊಳ್ಳುವುದು ಈ ತಂಡಕ್ಕೇನೂ ಹೊಸದಲ್ಲ. 1993ರಲ್ಲಿ ದೊಡ್ಡ ಕಂಪನಿಗೆ ಸಹಿ ಹಾಕಿದರು ಅನ್ನುವ ಸಿಟ್ಟಿಗೆ, ಅವರು ಬೆಳೆದ, ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಗಿಲ್ಮನ್ ಸ್ಟ್ರೀಟ್ ಕ್ಲಬ್ಬೇ ಅವರನ್ನು ಹೊರಗಿಟ್ಟಿತು. ಮಾರಿಕೊಂಡರು, ಮುಗಿದರು ಅಂತ ಆಗಲೇ ಬರೆದುಬಿಟ್ಟಿದ್ದರು. 2015ರಲ್ಲಿ ಅದೇ ಗಿಲ್ಮನ್‌ನಲ್ಲಿ ಮತ್ತೆ ನಿಂತು ಹಾಡಿದರು. 1995ರಲ್ಲಿ ನಾನು ಬ್ರಿಗೇಡ್ ರಸ್ತೆಯಲ್ಲಿ ‘ಡೂಕಿ’ ಕ್ಯಾಸೆಟ್ ಕೊಂಡಾಗಲೂ ಒಂದೇ ವರ್ಷದ ಗಿರಾಕಿ ಇವರು ಅಂದಿದ್ದರು. ಆ ಕ್ಯಾಸೆಟ್ಟಿನ ಮಡಿಸಿದ ಕಾಗದ ಮಡಿಕೆಯಲ್ಲೇ ಹರಿದಿದೆ, ಟೇಪ್ ಹಚ್ಚಿ ಇಟ್ಟುಕೊಂಡಿದ್ದೇನೆ.

ವಾರ್ಡ್ ಆಫೀಸಿನವರಿಗೂ ಎರಡು ಮಾತು. ನಮ್ಮ ಬೀದಿ ದೀಪ ಕೆಟ್ಟು ಏಳು ತಿಂಗಳಾಯಿತು. ಅರ್ಜಿ ಕೊಟ್ಟರೆ ಲೈನ್‌ಮನ್ ಇಲ್ಲ. ಚರಂಡಿ ಮೇಲಿನ ಕಲ್ಲು ಎತ್ತಿದವರು ವಾಪಸ್ ಮುಚ್ಚಲಿಲ್ಲ, ಹೋದ ಮಳೆಗಾಲದಲ್ಲಿ ಹಾಲಿನ ಹುಡುಗ ಸೈಕಲ್ ಸಮೇತ ಬಿದ್ದ. ಅದಕ್ಕೆಲ್ಲ ಬರಲು ಇವರಿಗೆ ಪುರುಸೊತ್ತಿಲ್ಲ. ಹಾಡು ನಿಲ್ಲಿಸಲು ಮಾತ್ರ ಐದು ನಿಮಿಷದಲ್ಲಿ ಬಂದರು. ನಾಚಿಕೆ ಆಗಬೇಕು.

ನಿಮ್ಮ ಪತ್ರಿಕೆ ತಿದ್ದುಪಡಿ ಹಾಕಬೇಕು, ಆಲ್ಬಂ ಹೆಸರು ಸರಿಯಾಗಿ ಹಾಕಿ. ತಿದ್ದುಪಡಿ ಮೂಲೆಯಲ್ಲಿ ಎರಡು ಸಾಲು ಬಂದರೆ ಯಾರು ಓದುತ್ತಾರೆ, ಅದಕ್ಕಿಂತ ಆ ವರದಿಗಾರರನ್ನು ನನ್ನ ಮನೆಗೆ ಕಳಿಸಿ. 46 ನಿಮಿಷ ಕೂತು ಕೇಳಿ ಆಮೇಲೆ ಏನು ಬೇಕಾದರೂ ಬರೆಯಲಿ, ಬೈಯ್ಯಲಿ, ನನಗೆ ಅಭ್ಯಂತರವಿಲ್ಲ. ಭವನದವರು ಡಿಪಾಸಿಟ್ ಕೊಡಲಿ. ಸ್ಪೀಕರ್ ರಿಪೇರಿ ದುಡ್ಡೂ ಕೊಡಲಿ. ಇಲ್ಲವೇ ಇನ್ನೊಂದು ಭಾನುವಾರ ಭವನ ಬಿಟ್ಟುಕೊಡಲಿ. ಹದಿಮೂರನೇ ಹಾಡು ಇನ್ನೂ ಬಾಕಿ ಇದೆ.

ಇತಿ,
ನಿಮ್ಮ ಇಪ್ಪತ್ತು ವರ್ಷದ ಚಂದಾದಾರ