ಮಾಂಡೋವಿ ಮ್ಯಾಲ ಕುಣದ ಬಂದೆ, ದೋಸ್ತ

ದೋಸ್ತ,

ಗೋವಾದಿಂದ ಬಂದು ಮೂರು ದಿನ ಆತು. ಫೋನ್ ಮಾಡಿದ್ರ ನೀ ನಡುವ ಬಾಯಿ ಹಾಕಿ ಬೈತಿ, ಅದಕ್ಕ ಬರಿಯಾಕತ್ತೇನಿ. ವಿಷಯ ಇಷ್ಟ: ಪಣಜಿಯೊಳಗ ನಾ ಮಹದಾಯಿ ಹೊಳಿ ಮ್ಯಾಲ, ನಾವು ನೀರು ಕೇಳಿದ್ದ ಅದ ಹೊಳಿ ಮ್ಯಾಲ, ಕುಣದ ಬಂದೇನಿ.

ಅಲ್ಲೆ ಅದಕ್ಕ ಮಾಂಡೋವಿ ಅಂತಾರ. ಸಾಂತಾ ಮೋನಿಕಾ ಜೆಟ್ಟಿಯಿಂದ ಸಂಜೀಕ ಕ್ರೂಜ್ ಬೋಟ್ ಬಿಡತಾವ, ಒಂದು ತಾಸಿನ ಸವಾರಿ. ಹೊತ್ತು ಮುಣಗೂ ಟೈಮಿನ ಟಿಕೆಟ್ ತಗದಿದ್ವಿ. ಪಾಳಿ ನೋಡಿದ್ರ ಅರ್ಧಾ ಮಂದಿ ನಮ್ಮ ಕಡ್ಯಾವ್ರ. ಮ್ಯಾಲಿನ ಡೆಕ್ಕಿನ್ಯಾಗ ಕುರ್ಚಿ, ಮುಂದ ಸಣ್ಣ ಸ್ಟೇಜು, ಆಳೆತ್ತರದ ಸ್ಪೀಕರ್. ಬೋಟ್ ಹೊಂಟದ್ದು ಗೊತ್ತ ಆಗಲಿಲ್ಲ; ದಂಡಿ ಹಿಂದ ಸರಿಯಾಕ ಹತ್ತಿದಾಗ ತಿಳೀತು.

ಮೊದಲ ಗೋವಾದ ಹೆಂಗಸರ ಕುಣಿತ ಫುಗಡಿ ಕುಣದ್ರು. ಆಮ್ಯಾಲ ಪೋರ್ಚುಗೀಸರು ಬಿಟ್ಟುಹೋದ ಕೊರಿದಿನ್ಯೊ, ಗಂಡು ಹೆಣ್ಣು ಜೋಡಿ ಹಿಡದು ಗಿರಗಿರ ತಿರಗತಾರ, ನಮ್ಮಾಕಿಗೆ ನೋಡೇ ತಲಿ ತಿರಗಿತು. ನನಗ ಹಿಡಿಸಿದ್ದು ದೆಖಣಿ ಅನ್ನೂ ಹಾಡು-ಕುಣಿತ. ಹೊಳಿ ದಾಟಿಸಪ್ಪಾ ಅಂತ ಒಬ್ಬಾಕಿ ಅಂಬಿಗಗ ಬೇಡಿಕೊಳ್ಳತಾಳ, ಕಾಲಾಗಿನ ಗೆಜ್ಜಿ ಬಿಚ್ಚಿ ಕೊಡತೇನಿ ಅಂತಾಳ, ಅಂವಾ ಒಲ್ಲೆ ಅಂತಾನ. ಮಾತು ತಿಳಿಯದಿದ್ರೂ ಸೊಂಟದ ಓಲಾಟದಾಗ ನೀರಿನ ಅಲಿ ಕಾಣತಿತ್ತು. ನಮ್ಮ ಕಾಲ ಕೆಳಗೂ ಬೋಟು ಹಂಗ ಓಲಾಡಾಕತ್ತಿತ್ತು.

ಆಮ್ಯಾಲ ಡಿಜೆ. ಮೈಕ್ ಹಿಡದಾಂವ ಮೊದಲ ಹುಡುಗೂರನ್ನ ಕರದ, ಆಮ್ಯಾಲ ಜೋಡಿಗೋಳನ್ನ. ನಾ ತಪ್ಪಿಸಿಕೊಂಡು ಕಟಾಂಜನ ಹಿಡದು ನಿಂತೆ. ಬಿಜಾಪುರದ ಯೂಸುಫ್ ಆದಿಲಶಾಹ ಕಟ್ಟಿಸಿದ ಅರಮನಿ ದಂಡಿಮ್ಯಾಲ ಬೆಳ್ಳಗ ಕಾಣತೈತಿ. ಹೊಳಿ ನಡುವ ಲಂಗರ ಹಾಕಿದ ಕ್ಯಾಸಿನೋ ಹಡಗ, ಲೈಟೋ ಲೈಟು, ಜಾತ್ರಿ ಇದ್ದಂಗ.

ಗೋಬಿ ಪ್ಲೇಟ್ ಹಿಡಕೊಂಡು ಬಂದ ಹುಡುಗ, "ಯಣ್ಣಾ, ಯಾವೂರ್ರೀ?" ಅಂದ. ರೋಣದ ಕಡ್ಯಾವಂತ. ಹೊಳಿ ಖಾನಾಪುರ ಅಡವ್ಯಾಗ ಹುಟ್ಟತೈತಿ ಅನ್ನೂದು ಅವಗೂ ಗೊತ್ತೈತಿ. "ನೀರು ನಮ್ಮ ಹೊಲಕ್ಕ ಬರಲಿಲ್ರೀ, ನಾನ ನೀರಿನ ಕಡೆ ಬಂದೆ" ಅಂತ ನಕ್ಕ. ನನಗ ನಗಿ ಬರಲಿಲ್ಲ. 2015ರಾಗ ಮಹದಾಯಿ ನೀರಿನ ಹೋರಾಟಕ್ಕ ನರಗುಂದದ ಧರಣಿ ಪೆಂಡಾಲಿನ್ಯಾಗ ನೀ ಕುಂತದ್ದು ನೆನಪಾತು, ನಾ ಬುತ್ತಿ ತಂದು ಕೊಟ್ಟದ್ದೂ. 2018ರಾಗ ಮಹದಾಯಿ ನೀರಿನ ಜಗಳದ ನ್ಯಾಯಾಧಿಕರಣ ನಮಗ 13.42 ಟಿಎಂಸಿ ಅಂತು, ಅದರಾಗ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭಾ ಹೊಳಿಗೆ 3.90. ಈ ಲೆಕ್ಕ ನಿನಗ ಮಗ್ಗಿಗಿಂತ ಚೊಲೋ ಬರತೈತಿ.

"ಈ ನೀರು ಕುಡಿಯಾಕ ಬರತೈತೇನೋ ತಮ್ಮಾ?" ಅಂದೆ. "ಉಪ್ಪರೀ ಯಣ್ಣಾ, ಭರತಿ ಬಂದ್ರ ಸಮುದ್ರನ ಒಳಗ ಬರತೈತಿ" ಅಂದ.

ಇಲ್ಲೇ ನೋಡು ನಾ ಬೈಸಿಕೊಳ್ಳೂದು. ಸುಮ್ನ ಸಮುದ್ರ ಸೇರೂ ನೀರು, ನಮಗ ಒಂದೀಟು ಕೊಟ್ರ ಈ ಗೋವಾದವರ ಗಂಟೇನು ಹೋಗತೈತಿ ಅಂತ ನೀನೂ ಅಂತಿದ್ದಿ, ನಾನೂ ಅಂತಿದ್ದೆ. ಮ್ಯಾಲಿಂದ ಸಿಹಿನೀರು ಕಮ್ಮಿ ಆದ್ರ ಉಪ್ಪು ಇನ್ನೂ ಮ್ಯಾಲ ಏರತೈತಿ ಅನ್ನೂದು ಅವರ ಅಂಜಿಕಿ. ಅದನ್ನ ನಾ ಬರೇ ವಕೀಲರ ವಾದ ಅನ್ಕೊಂಡಿದ್ದೆ. ನಮ್ಮ ಬೇಡಿಕಿ ಸುಳ್ಳು ಅನ್ನಾಕತ್ತಿಲ್ಲ ಮಾರಾಯಾ. ನವಲಗುಂದದಾಗ ಟ್ಯಾಂಕರ್ ಮುಂದ ಕೊಡ ಹಿಡದು ನಿಂತಾಂವ ನಾನೂ. ಆದ್ರ ಅವರದೂ ಪೂರಾ ಸುಳ್ಳಲ್ಲ ಅಂತ ಆ ಕಟಾಂಜನದ ಹಂತ್ಯಾಕ ನಿಂತಾಗ ಅನಿಸ್ತು.

ಅಷ್ಟೊತ್ತಿಗೆ ಗಂಡಸರ ಪಾಳಿ ಬಂತು. ರೋಣದ ಹುಡುಗ ಮೈಕಿನಾವನ ಕಿವ್ಯಾಗ ಏನೋ ಅಂದ, ಹಿಂದಿ ಹಾಡು ನಿಂತು ಕನ್ನಡ ಹಾಡು ಬಂತು. ದಾವಣಗೇರಿಯ ಧೋತರದ ಅಜ್ಜಾ ಒಬ್ಬಾಂವ ಶಲ್ಯಾ ತಿರುವಿಕೋತ ಸ್ಟೇಜ್ ಏರಿದ. ನನ್ನ ರಟ್ಟಿ ಹಿಡದು ಜಗ್ಗಿದ. ಮಣಕಾಲ ನೋವು ಅಂತ ಅವಗ ಹೆಂಗ ಹೇಳ್ಲಿ, ಅಂವಗ ಎಂಬತ್ತರ ಮ್ಯಾಲ ಇರಬೇಕು.

ಕುಣದೆ. ವಿಡಿಯೋ ನಮ್ಮಾಕಿ ಮೊಬೈಲ್‌ನ್ಯಾಗ ಐತಿ, ನಿನ್ನ ಹೇಣ್ತಿಗೆ ಆಗಲೇ ಕಳಿಸ್ಯಾಳಂತ. ಗೇರುಬೀಜ ಒಂದು ಕೆಜಿ ತಂದೇನಿ. ರವಿವಾರ ಬಾ, ಬೈಯೂದೆಲ್ಲಾ ಎದುರಾಎದುರ ಬೈ.

ನಿನ್ನ ದೋಸ್ತ