ಹತ್ತು ಜನರಿಗೆ ಜಾಗ ಇಲ್ಲದ ಊರು

ಗೆಳೆಯಾ,

ನಿನ್ನ ಮೆಸೇಜು ನೋಡಿದೆ. ಅಷ್ಟೊಂದು ದುಡ್ಡಿರುವ ಸ್ವಿಟ್ಜರ್‌ಲೆಂಡಿನ ಹಳ್ಳಿಯವರಿಗೆ ಹೊರಗಿನವರನ್ನು ಕಂಡರೆ ಯಾಕಷ್ಟು ಉರಿ, ಅವರ ತಟ್ಟೆಯಿಂದ ಯಾರು ಏನು ಕಿತ್ತುಕೊಂಡರು ಅಂತ ಕೇಳಿದ್ದೀಯ. ಯಾರೂ ಏನೂ ಕಿತ್ತುಕೊಂಡಿಲ್ಲ ಮಾರಾಯ.

ನಾನಿರುವುದು ಆರ್ಗಾವ್‌ನಲ್ಲಿ. ಇಲ್ಲಿ ಕ್ಯಾಂಟನ್ ಅಂದರೆ ನಮ್ಮ ರಾಜ್ಯ ಇದ್ದ ಹಾಗೆ. ಇದೇ ಕ್ಯಾಂಟನ್‌ನಲ್ಲಿ ಒಬರ್‌ವಿಲ್-ಲೀಲಿ ಅಂತ ಒಂದು ಊರಿದೆ, ಜ್ಯೂರಿಕ್‌ಗೆ ಹತ್ತಿರ. ಜನ ಸುಮಾರು 2,200, ಅದರಲ್ಲಿ ಕೋಟ್ಯಧಿಪತಿಗಳೇ ನೂರಾರು. ಈ ಊರಿನ ಪಾಲಿಗೆ ಬಂದದ್ದು ಹತ್ತು ಜನ ನಿರಾಶ್ರಿತರು. ಹತ್ತೇ ಹತ್ತು! ಬೇಡ, ಅದರ ಬದಲು ದುಡ್ಡು ಕಟ್ಟುತ್ತೇವೆ ಅಂದರು. 2016ರ ಬಜೆಟ್‌ನಲ್ಲಿ ಅದಕ್ಕೆ 2,90,000 ಫ್ರಾಂಕ್ ಎತ್ತಿಟ್ಟರು, ಮೇ ತಿಂಗಳಲ್ಲಿ ಮತ ಹಾಕಿ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟರು. ರಸ್ತೆ ರಿಪೇರಿ, ಶಾಲೆ ಖರ್ಚಿನ ಜೊತೆ ಇದೂ ಒಂದು ಬಾಬತ್ತು. ಹೊರಗಿನವರನ್ನು ದೂರ ಇಡುವುದು ಮಾಮೂಲಾಗುವುದು ಹೀಗೇ ಅನಿಸುತ್ತೆ ನನಗೆ. ಗಲಾಟೆಯಿಂದ ಅಲ್ಲ, ಲೆಕ್ಕದ ಪುಸ್ತಕದಿಂದ.

ಊರಿನವರೆಲ್ಲ ಹಾಗೇ ಅಂದುಕೊಳ್ಳಬೇಡ. ಆ ಬಜೆಟ್ಟನ್ನು ಮೊದಲು ಊರ ಸಭೆಯಲ್ಲಿ ತಡೆದವರೂ ಅದೇ ಊರಿನವರು, ಅವರ ಮುಂದಾಳಾಗಿ ನಿಂತವಳು ತರಕಾರಿ ಬೆಳೆಯುವ ರೈತನ ಮಗಳು. ಕೊನೆಗೆ ಸ್ವಲ್ಪದರಲ್ಲಿ ಸೋತರು.

ಇನ್ನು ರಾಜಕೀಯ. ಇಲ್ಲಿ ಈಗ ಎಲ್ಲಕ್ಕಿಂತ ದೊಡ್ಡ ಪಕ್ಷ ಎಸ್‌ವಿಪಿ (ಸ್ವಿಸ್ ಪೀಪಲ್ಸ್ ಪಾರ್ಟಿ), ವಲಸೆ ಬೇಡ ಅನ್ನುವ ಪಕ್ಷ. ಅದರ ಬೇರು ಇರುವುದು ರೈತರು ಮತ್ತು ಸಣ್ಣ ವ್ಯಾಪಾರಿಗಳ ಹಳೇ ಪಕ್ಷದಲ್ಲಿ. 1991ರಲ್ಲಿ ಅದಕ್ಕೆ 12% ಮತವೂ ಇರಲಿಲ್ಲ, 2015ಕ್ಕೆ 29% ದಾಟಿತು. ಹಾಗೆ ಬೆಳೆಸಿದ ಕ್ರಿಸ್ಟೋಫ್ ಬ್ಲೋಕರ್ ಕೆಮಿಕಲ್ ಕಂಪನಿಯ ಯಜಮಾನನಾಗಿದ್ದವ, ಶತಕೋಟ್ಯಧಿಪತಿ. ಬಿಳಿ ಕುರಿಗಳು ಕಪ್ಪು ಕುರಿಯನ್ನು ಒದ್ದು ಆಚೆ ಹಾಕುವ ಪೋಸ್ಟರ್ 2007ರ ಚುನಾವಣೆಯಲ್ಲಿ ದೊಡ್ಡ ಸುದ್ದಿಯಾಗಿತ್ತು, ನೆನಪಿದೆಯಾ? ಅದು ಇದೇ ಪಕ್ಷದ್ದು. ಮೊದಲು ನೋಡಿದಾಗ ಛೀ ಅನ್ನುತ್ತಾರೆ. ನಾಲ್ಕನೇ ಚುನಾವಣೆಗೆ ಅದು ಗೋಡೆ ಮೇಲಿನ ಸೋಪಿನ ಜಾಹೀರಾತು, ಅಷ್ಟೇ.

2009ರ ನವೆಂಬರ್‌ನಲ್ಲಿ ಮಸೀದಿಗೆ ಮಿನಾರ್ ಕಟ್ಟುವುದನ್ನು ನಿಷೇಧಿಸಬೇಕಾ ಅಂತ ಇಡೀ ದೇಶ ಮತ ಹಾಕಿತು. ಆಗ ದೇಶದಲ್ಲಿ ಇದ್ದ ಮಿನಾರ್‌ಗಳು ನಾಲ್ಕೇ. ಸಮೀಕ್ಷೆಗಳೆಲ್ಲ ಇದು ಬಿದ್ದುಹೋಗುತ್ತೆ ಅಂದಿದ್ದವು. ಆದರೆ 57.5% ಜನ ನಿಷೇಧ ಬೇಕು ಅಂದರು. ಜಿನೀವಾ, ಬಾಸೆಲ್ ನಗರ, ಅಂದರೆ ಮುಸ್ಲಿಮರು ದಿನಾ ಎದುರಿಗೆ ಸಿಗುವ ಕಡೆ ನಿಷೇಧ ಬೇಡ ಅಂದರು. ಹಸು ಮೇಯಿಸುವ, ಚೀಸ್ ಮಾಡುವ ಅಪೆನ್‌ಜೆಲ್ ಇನ್ನರ್‌ರೋಡನ್ ಕ್ಯಾಂಟನ್‌ನಲ್ಲಿ 71% ಜನ ನಿಷೇಧ ಬೇಕು ಅಂದರು. ಇದೇ ಅಪೆನ್‌ಜೆಲ್ ತನ್ನ ಹೆಂಗಸರಿಗೂ 1990ರವರೆಗೆ ಕ್ಯಾಂಟನ್ ಮಟ್ಟದಲ್ಲಿ ಮತ ಕೊಟ್ಟಿರಲಿಲ್ಲ, ಕೊನೆಗೆ ಕೋರ್ಟು ಕೊಡಿಸಿತು. ಹೆಂಡತಿಗೇ ಮತ ಕೊಡದವರು ಟರ್ಕಿಯವನಿಗೆ ಮಿನಾರ್ ಕೊಡುತ್ತಾರಾ ಅಂತ ನೀನು ನಗಬಹುದು, ನಾನೂ ನಕ್ಕಿದ್ದೇನೆ.

ನನಗೆ ಜಾಸ್ತಿ ಕಸಿವಿಸಿ ಆಗುವುದು ಬೇರೆ ವಿಷಯಕ್ಕೆ. ಈ ದೇಶದ ಅಣೆಕಟ್ಟು, ಸುರಂಗ ಕಟ್ಟುವುದರಲ್ಲಿ ಬೆವರು ಸುರಿಸಿದವರು ಇಟಲಿಯವರು. 1965ರಲ್ಲಿ ಮಾಟ್‌ಮಾರ್ಕ್ ಅಣೆಕಟ್ಟಿನ ಕೆಲಸಗಾರರ ಶೆಡ್ಡುಗಳ ಮೇಲೆ ಹಿಮನದಿಯೇ ಕುಸಿದು 88 ಜನ ಸತ್ತರು, ಅವರಲ್ಲಿ 56 ಮಂದಿ ಇಟಲಿಯವರು. ಐದೇ ವರ್ಷಕ್ಕೆ, ವಿದೇಶಿಯರನ್ನು 10%ಗೆ ಇಳಿಸಬೇಕು ಅನ್ನುವ ಪ್ರಸ್ತಾಪಕ್ಕೆ ಇಲ್ಲಿನ ಗಂಡಸರಲ್ಲಿ (ಆಗ ಮತ ಇದ್ದದ್ದು ಅವರಿಗೆ ಮಾತ್ರ) 46% ಹೂಂ ಅಂದರು. ಸೀಸನ್ ಕೆಲಸಕ್ಕೆ ಬಂದವರು ಹೆಂಡತಿ ಮಕ್ಕಳನ್ನು ಕರೆತರುವ ಹಾಗೆಯೇ ಇರಲಿಲ್ಲ. ಆದರೂ ಕರೆತಂದರು, ಕರೆತರದೆ ಏನು ಮಾಡುತ್ತಾರೆ? ಸಾವಿರಾರು ಮಕ್ಕಳು ಶಾಲೆಗೂ ಹೋಗದೆ, ಜೋರಾಗಿ ಆಟವೂ ಆಡದೆ, ಬಾಗಿಲು ಹಾಕಿದ ಕೋಣೆಗಳಲ್ಲಿ ಬೆಳೆದರು. ಆ ಕಾನೂನು ಹೋದದ್ದು 2002ರಲ್ಲಿ. ಇವತ್ತಿಗೂ ಇಲ್ಲಿಯ ಸ್ಟ್ರಾಬೆರಿ, ತರಕಾರಿ ಹೊಲಗಳಲ್ಲಿ ಬಗ್ಗಿ ದುಡಿಯುವವರು ಪೋಲೆಂಡ್, ಪೋರ್ಚುಗಲ್, ರೊಮೇನಿಯಾದವರು. ಕೈ ಬೇಕು, ಆ ಕೈಯ ಹಿಂದೆ ಇರುವ ಸಂಸಾರ ಬೇಡ.

ಈಗ ನಿನ್ನ ಕಡೆಗೆ ಬರುತ್ತೇನೆ, ಬೇಜಾರು ಮಾಡ್ಕೋಬೇಡ. ಹೋದ ವಾರ ನೀನು ಕಳಿಸಿದ ವಾಟ್ಸಾಪ್ ವಾಯ್ಸ್ ನೋಟು ಎರಡು ಸಲ ಕೇಳಿದೆ. ಕೊಯ್ಲಿಗೆ ಅಸ್ಸಾಂನವರು ಇಲ್ಲದಿದ್ದರೆ ಕಾಫಿ ಹಣ್ಣು ಗಿಡದಲ್ಲೇ ಒಣಗುತ್ತೆ ಅಂತ ನೀನೇ ಹೇಳುತ್ತೀಯ. ಅದರ ಹಿಂದೆಯೇ, "ಇವರೆಲ್ಲ ಬಾಂಗ್ಲಾದವರೇ ಕಣೋ, ಸಂತೆ ದಿನ ಊರಲ್ಲಿ ಓಡಾಡೋಕೆ ಬಿಡಬಾರದು" ಅಂತ ಬೆಳೆಗಾರರ ಸಂಘದ ಸಭೆಯಲ್ಲಿ ಯಾರೋ ಅಂದರು, ಎಲ್ಲ ತಲೆ ಆಡಿಸಿದರು ಅಂತಲೂ ಹೇಳುತ್ತೀಯ. ಕೆಲಸಕ್ಕೆ ಬಂದವರ ಆಧಾರ್ ನೋಡು, ಸ್ಟೇಷನ್‌ಗೆ ಕಾಪಿ ಕೊಡು, ಅದರಲ್ಲಿ ನನಗೇನೂ ತಕರಾರಿಲ್ಲ. ಆದರೆ ದಾಖಲೆ ಸರಿ ಇದ್ದವನಿಗೂ ಸಂತೆ ಬೇಡ ಅಂದರೆ ಅದು ಯಾವ ಲೆಕ್ಕ? ನಿನ್ನ ತೋಟದ ಲೈನ್ ಮನೆಯಲ್ಲಿ ಇರುವವರಲ್ಲಿ ಎಷ್ಟು ಜನರ ಹೆಸರು ನಿನಗೆ ಗೊತ್ತು? ಸುಮ್ನೆ ಕೇಳಿದೆ. ಅಪ್ಪಾಜಿ ಕಾಲದಲ್ಲಿ ತಮಿಳುನಾಡಿಂದ ಬಂದವರ ಮಕ್ಕಳ ಮದುವೆಗೆ ನಾವೇ ಹೋಗಿ ಉಂಡು ಬಂದಿದ್ದೆವು ಅಲ್ವಾ?

ಆ ಸಭೆಯಲ್ಲಿ ನೀನೂ ತಲೆ ಆಡಿಸಿದೆಯಾ ಇಲ್ಲವಾ, ಅದನ್ನು ಮಾತ್ರ ಹೇಳಲೇ ಇಲ್ಲ. ಮುಂದಿನ ಸಭೆ ಯಾವಾಗ ಅಂತ ಬರೆ.

ನಿನ್ನ ಹಳೇ ಗೆಳೆಯ